ಮೂರನೇ ದಿನದ ಹಳದಿ

ನನ್ನ ತಂಗಿಗೆ ಹೆಣ್ಣು ಕೂಸು ಹುಟ್ಟಿದಾಗ ನನ್ನ ಮಗನಿಗೆ ಹನ್ನೊಂದು ದಿನ. ಆ ಹನ್ನೊಂದು ದಿನ ನ್ಯಾಮತಿಯ ನಮ್ಮ ತವರುಮನೆಯಲ್ಲಿ ನಾನೊಬ್ಬಳೇ ಬಾಣಂತಿ. ಅವ್ವ ನನಗೊಬ್ಬಳಿಗೇ ಮೆಣಸಿನ ಸಾರು ಕುದಿಸುತ್ತಿದ್ದಳು. ಎರೆಯುವ ಅಜ್ಜಿ ನನ್ನೊಬ್ಬಳ ಸೊಂಟಕ್ಕೇ ಕುದಿನೀರು ಹೊಯ್ಯುತ್ತಿದ್ದಳು. ಅಪ್ಪ ಸಂಜೆ ಕಿರಾಣಿ ಅಂಗಡಿಯಿಂದ ಬಂದು ಕಾಲು ತೊಳೆದವರು ಮೊದಲು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇಪ್ಪತ್ತೇಳು ವರ್ಷದ ಬದುಕಿನಲ್ಲಿ ಆ ಮನೆಯೊಳಗೆ ನಾನು ಅಷ್ಟು ದಿನ ಒಟ್ಟಿಗೆ ಮೊದಲನೆಯವಳಾಗಿ ಇದ್ದದ್ದು ಇನ್ನೊಂದು ನೆನಪಿಲ್ಲ.

ನೆನಪಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದಿದವಳು. ನೋಡಿದೆ ಎನ್ನುವವನ ಮಾತಿಗಿಂತ ಆ ಹೊತ್ತಿನಲ್ಲಿ ಬರೆದಿಟ್ಟ ಚೀಟಿಗೆ ಹೆಚ್ಚು ಬೆಲೆ ಎಂದು ಕಲಿಸಿದ್ದರು. ಅದಕ್ಕೇ ಎಪ್ಪತ್ತೆಂಟರ ಡೈರಿಯನ್ನು ಮಗ್ಗುಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದರಲ್ಲಿ ಇರುವುದನ್ನು ಇದೆ ಎನ್ನುತ್ತೇನೆ. ಇಲ್ಲದ್ದು ನನ್ನ ತಲೆಯಿಂದ ಬಂದದ್ದು. ತಲೆಯನ್ನು ಎಷ್ಟು ನಂಬಬೇಕೋ ಓದುವವರಿಗೆ ಬಿಟ್ಟದ್ದು.

ಡೈರಿಯಲ್ಲಿ ಇಲ್ಲದಿದ್ದರೂ ಖಚಿತವಾಗಿ ಹೇಳಬಲ್ಲದ್ದು ಒಂದಿದೆ. ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಿಳಿಯವಳು. ನಾನು ಕಪ್ಪು. ಮನೆಗೆ ಬಂದವರು ಅವಳ ಗಲ್ಲ ಹಿಡಿದು ಮುದ್ದಿಸಿ, ಆಮೇಲೆ ನನ್ನ ಕಡೆ ತಿರುಗಿ, "ಇದು ಚೆನ್ನಾಗಿ ಓದ್ತೈತಂತೆ" ಎನ್ನುತ್ತಿದ್ದರು. ಓದು ನನ್ನ ಪಾಲಿಗೆ ಬಂದದ್ದು ಹೀಗೆ. ನನ್ನನ್ನು ಮೈಸೂರಿಗೆ ಕಳಿಸುವಾಗ ಅವ್ವ ಪಕ್ಕದ ಮನೆಯವರಿಗೆ ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತ್ತು: "ಓದ್ಲಿ ಬಿಡ್ರಿ, ಬಣ್ಣ ಇಲ್ದ ಹುಡುಗಿಗೆ ಬುದ್ಧಿಯಾದ್ರೂ ಇರ್ಲಿ." ನಾನು ಹಾಸ್ಟೆಲಿನಲ್ಲಿ ಶಾಸನಗಳನ್ನು ಓದುತ್ತಿದ್ದಾಗ, ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದ ತಂಗಿಯನ್ನು ಚನ್ನಗಿರಿಯ ಜವಳಿ ಅಂಗಡಿಯವರು ತಾವಾಗಿಯೇ ಬಂದು ಕೇಳಿ ಮದುವೆ ಮಾಡಿಕೊಂಡರು. ದೊಡ್ಡವಳಿರುವಾಗ ಚಿಕ್ಕವಳಿಗೆ ಮದುವೆ. ನನಗೆ ಆಮೇಲೆ ಸಿಕ್ಕವರು ಜಗಳೂರಿನ ಹೈಸ್ಕೂಲು ಮೇಷ್ಟರು, ಒಳ್ಳೆಯವರು. ಅಲ್ಲಿ ನೀರು ಗಾಡಿಯ ಮೇಲಿನ ಡ್ರಮ್ಮಿನಲ್ಲಿ ಬರುತ್ತಿತ್ತು. ತಂಗಿಯ ಮನೆಯಲ್ಲಿ ಹಿತ್ತಲ ಬಾವಿಗೆ ಮೋಟಾರು ಇತ್ತು. ಒಂದೇ ವರ್ಷ ಇಬ್ಬರೂ ಬಸುರಾದಾಗ ನಾನು ದಿನ ಎಣಿಸಿದ್ದೆ. ನನ್ನದೇ ಮೊದಲು ಬರುತ್ತದೆ ಎಂದು ಗೊತ್ತಾಗಿ ಆದ ಸಂತೋಷ ಡೈರಿಯಲ್ಲಿ ಇಲ್ಲ. ನಾಚಿಕೆಯಿಂದ ಬರೆದಿರಲಿಕ್ಕಿಲ್ಲ.

ಮಗ ಹುಟ್ಟಿದ ನಾಲ್ಕನೇ ದಿನ ಬರೆದದ್ದು ಮಾತ್ರ ಇದೆ. ಅದನ್ನು ಇಲ್ಲಿ ಇಳಿಸಲೇಬೇಕು. ಆಸ್ಪತ್ರೆಯ ನರ್ಸಮ್ಮ ಹೊಕ್ಕಳು ನೋಡಲು ಬಂದವರು, ಮಗನ ಕಣ್ಣಲ್ಲಿ ತುಸು ಹಳದಿ ಕಂಡು ನನಗೆ ಪಾಠ ಹೇಳಿದ್ದರು. ಓದಿದವಳೆಂದು ನನಗೊಬ್ಬಳಿಗೇ ಹೇಳಿದರು. ನಾನು ಕಾಲೇಜಿನ ಅಭ್ಯಾಸದಂತೆ ಬರೆದುಕೊಂಡೆ: "ಎಳೆಮಕ್ಕಳಿಗೆ ಎರಡು ಮೂರು ದಿನಕ್ಕೆ ಸ್ವಲ್ಪ ಕಾಮಾಲೆ ಬರುವುದುಂಟು, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಹಾಲು ಪದೇ ಪದೇ ಕುಡಿಸಬೇಕು. ಹುಟ್ಟಿದ ದಿನವೇ ಬಂದರೆ, ಮುಖದಿಂದ ಹೊಟ್ಟೆಗೆ, ಕಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಲಗೇ ಇದ್ದರೆ, ತಡ ಮಾಡದೆ ಆಸ್ಪತ್ರೆ. ಹಗಲು ಬೆಳಕಿನಲ್ಲೇ ನೋಡಬೇಕು."

ಮಗನ ಹಳದಿ ವಾರದಲ್ಲಿ ಹೋಯಿತು. ಅವನ ನಿಜವಾದ ಬಣ್ಣ, ಅಂದರೆ ನನ್ನ ಬಣ್ಣ, ಕೆಳಗಿನಿಂದ ಎದ್ದು ಬಂತು.

ಹನ್ನೆರಡನೇ ದಿನ ಬೆಳಿಗ್ಗೆ ಮನೆ ತಂಗಿಯದಾಯಿತು. ಇಬ್ಬರು ಬಾಣಂತಿಯರು ಒಂದೇ ಕೋಣೆಯಲ್ಲಿ ಮಲಗಬಾರದೆಂದು ಅವ್ವ ಅವಳಿಗೆ ನಡುಮನೆಯ ಪಕ್ಕದ ದೊಡ್ಡ ಕೋಣೆ ಕೊಟ್ಟಳು. ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಳಗೆ ಸಣ್ಣ ಬಲ್ಬು, ಸಾಂಬ್ರಾಣಿ ಹೊಗೆ. ಎಳೆಗೂಸಿಗೆ ಗಾಳಿ ಬೆಳಕು ತಾಗಬಾರದು ಎಂಬ ನಮ್ಮ ಕಡೆಯ ಕಟ್ಟು. ಮಾಡಿನ ಗಾಜಿನ ಹೆಂಚೊಂದರಿಂದ ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲಿನ ಕೋಲೊಂದು ಇಳಿಯುತ್ತಿತ್ತು, ಅಷ್ಟೇ.

ಮಾರನೆಯ ದಿನ ಎರೆಯುವ ಅಜ್ಜಿ ತಂಗಿಯ ಕೂಸಿಗೆ ಕೆನೆ, ಕಡಲೆಹಿಟ್ಟು, ಅರಿಶಿನ ಹಚ್ಚಿ ಎರೆದು, ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ನಡುಮನೆಯಲ್ಲಿ ನೆರೆಹೊರೆಯ ಹೆಂಗಸರು ಕೂತಿದ್ದರು.

"ನೋಡ್ರವ್ವ, ನೋಡ್ರಿ! ಇಷ್ಟು ವರ್ಷ ಕೂಸು ಎರೆದೀನಿ, ಇಂಥ ಬಣ್ಣ ಕಂಡಿಲ್ಲ. ಬಂಗಾರದ ಗಟ್ಟಿ!"

"ತಾಯಿಗಿಂತ ಒಂದು ಕೈ ಮೇಲೈತೆ ಕಣೇ," ಎಂದರು ಒಬ್ಬರು.

"ಚನ್ನಗಿರಿಯೋರು ಈ ಕೂಸಿಗೆ ಒಡವೆ ಹಾಕೋದೇ ಬ್ಯಾಡ ಬಿಡ್ರಿ, ಹಾಕಿದ್ರೂ ಕಾಣಂಗಿಲ್ಲ!"

ಎಲ್ಲರೂ ನಕ್ಕರು. ಅವ್ವ ನಕ್ಕಿದ್ದನ್ನು ನಾನು ನನ್ನ ಕೋಣೆಯ ಬಾಗಿಲಿಂದ ನೋಡಿದೆ. ನನ್ನ ಮಗ ಹುಟ್ಟಿದಾಗ ಅವ್ವ ಸಂತೋಷಪಟ್ಟಿದ್ದಳು. ಹೀಗೆ ನಕ್ಕಿರಲಿಲ್ಲ.

ಆ ದಿನದ ಪುಟದಲ್ಲಿ ಎರಡೇ ಸಾಲು: "ಬಂಗಾರ, ಬಂಗಾರ. ಮನೆಯೆಲ್ಲ ಅದೇ ಮಾತು." ಆ ಸಂಜೆಯೋ ಮಾರನೆಯ ಬೆಳಿಗ್ಗೆಯೋ, ನಾನು ಎರೆಯುವ ಅಜ್ಜಿಗೆ, "ನನ್ನ ಮಗನಿಗೂ ಅರಿಶಿನ ಇನ್ನೊಂದು ಹಿಡಿ ಜಾಸ್ತಿ ಹಚ್ಚಜ್ಜಿ," ಎಂದು ಮೆಲ್ಲಗೆ ಹೇಳಿದೆ.

ಅಜ್ಜಿ ಮೆಲ್ಲಗೆ ಮಾತಾಡುವವಳಲ್ಲ. "ಅರಿಶಿನ ಮೆತ್ತಿದ್ರೆ ಕಾಗೆ ಗಿಣಿ ಆಗ್ತೈತೇನವ್ವ? ಗಂಡುಕೂಸು, ಹೆಂಗಿದ್ರೂ ನಡೀತೈತೆ ತಗ. ಇಷ್ಟು ಓದಿ ಹಿಂಗಂತೀಯಲ್ಲ!"

ಆದರೂ ಹಚ್ಚಿದಳು. ಮಗ ಅರಿಶಿನ ಕಣ್ಣಿಗಿಳಿದು ಕಿರುಚಿಕೊಂಡ. ಅವನು ಹಗಲೆಲ್ಲ ಅಳುವ ಕೂಸು. ಎದೆಗೆ ಬಂದರೆ ಕಚ್ಚಿ ಎಳೆಯುತ್ತಿದ್ದ, ಅರ್ಧ ಗಂಟೆ ಬಿಟ್ಟರೆ ಮತ್ತೆ ಬೇಕು. ತಂಗಿಯ ಕೋಣೆಯಿಂದ ಸದ್ದೇ ಇರಲಿಲ್ಲ. "ದೇವರಂಥ ಕೂಸು," ಎನ್ನುತ್ತಿದ್ದಳು ಅವ್ವ, "ಮಲಗಿಸಿದ್ರೆ ಮಲಗ್ತೈತೆ, ಹಾಲಿಗೂ ಕಾಟ ಇಲ್ಲ. ನಿಂದು ಐತೆ ನೋಡು, ಊರು ಒಂದು ಮಾಡ್ತೈತೆ." ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಎಂಥ ಬಣ್ಣ, ಎಂಥ ನಿದ್ದೆ, ಎಂಥ ಶಾಂತ ಮಗು. ನಾನು ಯಾವ್ಯಾವುದಕ್ಕೆ ಹೊಟ್ಟೆಕಿಚ್ಚು ಪಟ್ಟೆನೋ ಅದೆಲ್ಲವೂ ಆ ಕಾಯಿಲೆಯ ಗುರುತೇ ಆಗಿತ್ತು. ನರ್ಸಮ್ಮ ಹೇಳಿದ್ದು, ನಾನೇ ನನ್ನ ಕೈಯಾರೆ ಬರೆದದ್ದು, ಕೆಲವೇ ಪುಟ ಹಿಂದೆ ಇತ್ತು.

ಮೂರನೇ ದಿನ. ತಂಗಿಯ ಕೂಸಿಗೆ ಮೂರನೇ ದಿನ ಎಂದರ್ಥ. ಇದು ಡೈರಿಯಲ್ಲಿ ಇಲ್ಲ.

ಮಧ್ಯಾಹ್ನ ಅವ್ವ ಊಟಕ್ಕೆ ಕೂತಿದ್ದಳು. ನಾನು ತಂಗಿಯ ಕೋಣೆಗೆ ಹೋದೆ. ಯಾಕೆ ಹೋದೆ? ಮುದ್ದು ಮಾಡಲು ಅಲ್ಲ. ಆ ಬಣ್ಣ ನಿಜವೋ ಅಜ್ಜಿಯ ಅರಿಶಿನವೋ ನೋಡಬೇಕಿತ್ತು. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಾಜಿನ ಹೆಂಚಿನ ಬಿಸಿಲು ಸರಿಯಾಗಿ ಮೊರದ ಮೇಲೆ ಬಿದ್ದಿತ್ತು, ಮೊರದಲ್ಲಿ ಕೂಸು. ನಾನು ಬಗ್ಗಿ ಸೆರಗಿನ ತುದಿಯಿಂದ ಅದರ ಹಣೆ ಒರೆಸಿದೆ. ಅರಿಶಿನ ಸೆರಗಿಗೆ ಬಂತು, ಹಣೆ ಹಳದಿಯಾಗಿಯೇ ಉಳಿಯಿತು. ಬೆರಳಿಂದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದೆ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ನಿಂಬೆಹಣ್ಣಿನ ಸಿಪ್ಪೆಯ ಬಣ್ಣ. ಕಣ್ಣಿನೊಳಕ್ಕೆ ಯಾವ ಅಜ್ಜಿಯೂ ಅರಿಶಿನ ಹಚ್ಚುವುದಿಲ್ಲ.

ಹೊರಗೆ ಬಂದೆ. ಅವ್ವ ಮಜ್ಜಿಗೆ ಅನ್ನ ಕಲಸುತ್ತಿದ್ದಳು. "ಏನೇ?" ಎಂದಳು. "ಏನಿಲ್ಲ," ಎಂದೆ.

ಆ "ಏನಿಲ್ಲ" ನನಗೆ ನೆನಪಿದೆ. ಅದರ ಹಿಂದೆ ಏನಿತ್ತು ಎಂಬುದನ್ನು ವರ್ಷಗಳಲ್ಲಿ ನಾನು ಬೇರೆ ಬೇರೆ ರೀತಿ ಹೇಳಿಕೊಂಡಿದ್ದೇನೆ. ಹೇಳಿದರೆ, ತಂಗಿಯ ಕೂಸು ಚೆಂದ ಇದೆಯೆಂದು ಅಕ್ಕ ಕಾಯಿಲೆ ಹೊರಿಸುತ್ತಾಳೆ ಅಂದಾರು ಎಂಬ ಅಂಜಿಕೆ ಇತ್ತೆಂದು ಒಮ್ಮೆ. ನನ್ನ ಮಗನಿಗೂ ಬಂದು ಹೋಯಿತಲ್ಲ, ಇದೂ ಹೋದೀತು ಎಂದುಕೊಂಡೆನೆಂದು ಒಮ್ಮೆ. ನರ್ಸಮ್ಮ ಆ ದಿನ ಸೂರಗೊಂಡನಕೊಪ್ಪದ ಕಡೆ ಹೋಗಿದ್ದರು, ಕರೆದರೂ ಸಿಗುತ್ತಿರಲಿಲ್ಲ ಎಂದು ಇನ್ನೊಮ್ಮೆ. ಅವರು ಎಲ್ಲಿಗೆ ಹೋಗಿದ್ದರೆಂದು ನನಗೆ ಆಮೇಲೆ ಯಾರಿಂದಲೋ ತಿಳಿದದ್ದು. ಆ ದಿನ ನಾನು ಕರೆಯಲು ಯಾರನ್ನೂ ಕಳಿಸಿರಲಿಲ್ಲ. ಇವೆಲ್ಲ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ಮೊರದ ಮುಂದೆ ಬಗ್ಗಿದ್ದಾಗ ಮೊದಲು ಬಂದ ಯೋಚನೆ ಬೇರೆ. "ಹಾಗಾದರೆ ಇದು ಬಂಗಾರ ಅಲ್ಲ" ಎಂಬುದು ಅದು. ಅದರಲ್ಲಿ ಒಂದು ತಂಪಿತ್ತು. ಆ ತಂಪನ್ನು ಯಾರಿಗೂ ಕೊಡದೆ ಸ್ವಲ್ಪ ಹೊತ್ತು ನಾನೊಬ್ಬಳೇ ಇಟ್ಟುಕೊಳ್ಳಬೇಕು ಅನ್ನಿಸಿತ್ತು.

ನಾಲ್ಕನೇ ದಿನ ಏನು ಮಾಡಿದೆ? ಡೈರಿಯಲ್ಲಿ ಒಂದೇ ಸಾಲು: "ಬೆಳಿಗ್ಗೆಯಿಂದ ಕೆಮ್ಮು. ಮಗುವಿಗೂ ಸೀನು." ತಲೆಯಲ್ಲಿ ಅಷ್ಟೂ ಇಲ್ಲ. ತಂಗಿಯ ಕೋಣೆಯ ಕಡೆ ಹೋಗಲಿಲ್ಲ ಎಂದು ಮಾತ್ರ ಗೊತ್ತು.

ಐದನೇ ದಿನ ಹೇಳಿದೆ. ಒಳ್ಳೆಯ ಬುದ್ಧಿ ಬಂದು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬೆಳಿಗ್ಗೆ ಚನ್ನಗಿರಿಯಿಂದ ತಂಗಿಯ ಅತ್ತೆ, ಗಂಡ ಬಾಡಿಗೆ ಕಾರಿನಲ್ಲಿ ಬಂದರು. ಕೂಸಿಗೆ ಬೆಳ್ಳಿ ಉಡಿದಾರ, ತೊಟ್ಟಿಲಿಗೆ ರೇಷ್ಮೆ ಬಟ್ಟೆ, ತಂಗಿಗೆ ಇಳಕಲ್ ಸೀರೆ. ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನಮ್ಮ ಮನೆತನದಾಗೆ ಇಂಥ ಬಣ್ಣ ಇರ್ಲಿಲ್ಲ ಬೀಗಿತ್ತಿ, ನಿಮ್ಮ ಮಗಳು ತಂದ್ಳು," ಎಂದರು. ಅವ್ವ ನಾಚಿಕೊಂಡಳು. ಆಮೇಲೆ ಅವರು ನನ್ನ ಮಗನ ಕಡೆ ತಿರುಗಿ, "ಇದು ಆರೋಗ್ಯವಾಗೈತೆ," ಎಂದರು. ಚಿಕ್ಕಂದಿನಲ್ಲಿ ಕೇಳಿದ "ಚೆನ್ನಾಗಿ ಓದ್ತೈತಂತೆ" ಎಂಬ ಮಾತಿನ ದನಿಯೇ ಅದು. ಅದೇ ಹೊತ್ತಿಗೆ ನರ್ಸಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ನರ್ಸಮ್ಮ, ಆ ಕೂಸನ್ನ ಒಂದು ಸಲ ಹೊರಗೆ ಬೆಳಕಿಗೆ ತಂದು ನೋಡಿ. ಅದು ಬಣ್ಣ ಅಲ್ಲ ಅನ್ಸುತ್ತೆ."

ಅವ್ವ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ.

ನರ್ಸಮ್ಮ ಅಂಗಳದಲ್ಲಿ ಚಾಪೆ ಹಾಸಿಸಿದರು. "ಮೊದ್ಲು ಈ ಅರಿಶಿನ ತೊಳೀರಿ. ಕೂಸೋ ಉಪ್ಪಿನಕಾಯೋ ಇದು?" ಎಂದು ಎರೆಯುವ ಅಜ್ಜಿಯನ್ನು ಗದರಿಸಿದರು. ಬಿಸಿನೀರು, ಸೋಪು ಹಾಕಿ ಒರೆಸಿ, ಕೂಸನ್ನು ಬೆತ್ತಲೆ ಮಲಗಿಸಿದರು. ಹೆಬ್ಬೆರಳಿಂದ ಮೂಗಿನ ತುದಿ ಒತ್ತಿ ಬಿಟ್ಟರು. ಒತ್ತಿದ ಕಡೆ ರಕ್ತ ಸರಿದು ಬೆಳ್ಳಗಾಗುವ ಬದಲು ಹಳದಿ ನಿಂತಿತು. ಎದೆ ಒತ್ತಿದರು, ಹೊಟ್ಟೆ, ತೊಡೆ. ಕೊನೆಗೆ ಅಂಗಾಲು. ಅಲ್ಲಿಯೂ ಹಳದಿ. ಕಾಲಿಗೆ ಚಿವುಟಿದರು. ಕೂಸು ಅತ್ತಿತು. ಆದರೆ ಕೂಸಿನ ಅಳುವಲ್ಲ, ಗಾಜಿನ ಮೇಲೆ ಮೊಳೆ ಎಳೆದಂಥ ಸಣ್ಣ ಚೀರು.

"ಆ ಕೂಸನ್ನೂ ತನ್ನಿ ಇಲ್ಲಿ," ಎಂದು ನನ್ನ ಮಗನನ್ನು ಪಕ್ಕದಲ್ಲಿ ಮಲಗಿಸಿದರು. ಅವನ ಮೂಗು ಒತ್ತಿದರೆ ಕಪ್ಪು ಬಣ್ಣದ ಕೆಳಗಿನಿಂದ ತಿಳಿ ಬಿಳುಪು ಬಂತು. ಅವನು ಕೈಕಾಲು ಬಡಿದು ಊರು ಒಂದು ಮಾಡಿದ. ನರ್ಸಮ್ಮ ಎಲ್ಲರಿಗೂ ತೋರಿಸಿ, "ನೋಡ್ರಿ, ಕೂಸು ಅಂದ್ರೆ ಹಿಂಗಿರಬೇಕು," ಎಂದರು.

ಆ ಮಾತಿಗೆ ನನಗೆ ಸಂತೋಷವಾಯಿತು. ನನ್ನ ತಂಗಿಯ ಮಗು ಸಾಯುವಂತಿದೆ ಎಂದು ತಿಳಿದ ಗಳಿಗೆಯಲ್ಲಿ, ಅಂಗಳದ ಚಾಪೆಯ ಮೇಲೆ ನನ್ನ ಮಗ ಗೆದ್ದ ಎಂದು ನನಗೆ ಸಂತೋಷವಾಯಿತು. ಇದು ಡೈರಿಯಲ್ಲಿ ಇಲ್ಲ. ಇದನ್ನು ಮಾತ್ರ ನನ್ನ ತಲೆ ಕಟ್ಟಿದ್ದಲ್ಲ ಎಂದು ಆಣೆ ಮಾಡಬಲ್ಲೆ. ಯಾರೂ ತಮ್ಮ ಬಗ್ಗೆ ಇಂಥದ್ದನ್ನು ಕಟ್ಟಿಕೊಳ್ಳುವುದಿಲ್ಲ.

"ಕಾಮಣಿ ಅಂದ್ರೆ ಬರೆ ಹಾಕ್ಸಿದ್ರೆ ಇಳೀತೈತೆ," ಎಂದಳು ಎರೆಯುವ ಅಜ್ಜಿ. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ, ಕಾದ ಸೂಜಿಯಿಂದ ಚರ್ಮಕ್ಕೆ ಬರೆ ಎಳೆಸುವುದೂ ಇತ್ತು. ತಂಗಿಯ ಅತ್ತೆ ತಲೆ ಆಡಿಸಿದರು, "ನಮ್ಮ ಕಡೆ ಸೊಪ್ಪಿನ ರಸ ಹಾಕೋರು ಅದಾರೆ..."

"ಬರೆ ಎಳೆದ್ರೆ, ಬಾಯಿಗೆ ಸೊಪ್ಪಿನ ರಸ ಬಿಟ್ರೆ ನಾನೇ ಪೊಲೀಸಿಗೆ ಹೇಳ್ತೀನಿ," ಎಂದರು ನರ್ಸಮ್ಮ. "ಕಾರು ಐತಲ್ರೀ ಬಾಗ್ಲಾಗೆ? ಈಗ್ಲೇ ಹೊರಡ್ರಿ. ಹೊನ್ನಾಳಿ ಡಾಕ್ಟ್ರಿಗೆ ತೋರ್ಸಿ ಚೀಟಿ ಬರೆಸ್ಕಳ್ರಿ, ಅಲ್ಲಿಂದ ಸೀದಾ ದಾವಣಗೆರೆ. ದಾರಿಯುದ್ದಕ್ಕೂ ಹಾಲು ಕುಡಿಸ್ತಾ ಇರ್ರಿ, ಕುಡೀದಿದ್ರೆ ಹಿಂಡಿ ಚಮಚದಾಗೆ ಹಾಕ್ರಿ." ಮುಂದಿನದನ್ನು ಅವರು ಯಾರನ್ನೂ ನೋಡದೆ ಕೇಳಿದರು, "ಇದು ಎಂದಿನಿಂದ ಹಿಂಗೈತೆ? ನಿನ್ನೆ ಮೊನ್ನೆ ಯಾರೂ ನೋಡ್ಲಿಲ್ವಾ?"

ಯಾರೂ ಮಾತಾಡಲಿಲ್ಲ. ನಾನೂ.

ಕಾರು ಹೋಯಿತು. ತಂಗಿ, ಅವಳ ಗಂಡ, ಅತ್ತೆ, ಅವ್ವ, ಅಪ್ಪ ಎಲ್ಲರೂ ಹೋದರು. ಮನೆಯಲ್ಲಿ ನಾನು, ಮಗ, ಎರೆಯುವ ಅಜ್ಜಿ. ನನ್ನ ಮಗನಿಗೂ ಅವತ್ತೇ ಉಡಿದಾರ ಕಟ್ಟುವುದೆಂದು ಅವ್ವ ಇಟ್ಟುಕೊಂಡಿದ್ದಳು, ಆ ದಿನ ಹಾಗೇ ಕಳೆಯಿತು. ಆಗಲೂ, ಆ ಸ್ಥಿತಿಯಲ್ಲೂ, ಇಡೀ ಮನೆ ಅವಳ ಹಿಂದೆ ಹೋಯಿತಲ್ಲ ಎಂದು ನನ್ನೊಳಗೆ ಒಂದು ಹಲ್ಲಿ ಲೊಚಗುಟ್ಟಿತು.

ಮುಂದಿನದು ಅವ್ವ ಹೇಳಿದ್ದು, ನಾನು ಕಂಡದ್ದಲ್ಲ. ಹೊನ್ನಾಳಿಯ ಹೊಳೆಯ ಸೇತುವೆ ದಾಟುವಾಗ ಕೂಸು ಬೆನ್ನು ಬಿಲ್ಲಿನಂತೆ ಸೆಟೆಸಿತಂತೆ. ದಾವಣಗೆರೆಯ ಡಾಕ್ಟರು ಸೂಜಿಯಲ್ಲಿ ರಕ್ತ ತೆಗೆದು ನೋಡಿ, ತಾಯಿಯ ರಕ್ತದ ಗುಂಪಿಗೂ ಕೂಸಿನ ಗುಂಪಿಗೂ ಹೊಂದಿಕೆಯಿಲ್ಲ, ಕೂಸಿನ ರಕ್ತ ಒಡೆದು ಹಳದಿಯಾಗುತ್ತಿದೆ, ಹಳದಿ ಮಿದುಳಿಗೆ ಏರಿದರೆ ಕೈಮೀರುತ್ತದೆ ಎಂದರಂತೆ. ಹೊಕ್ಕಳಿನಿಂದ ಸಣ್ಣ ನಳಿಕೆ ಇಳಿಸಿ, ಹಳೆಯ ರಕ್ತ ಒಂದಿಷ್ಟು ತೆಗೆಯುವುದು, ಹೊಸದು ಒಂದಿಷ್ಟು ಹಾಕುವುದು, ಹೀಗೆ ಮಧ್ಯಾಹ್ನವೆಲ್ಲ ಬದಲಿಸಿದರಂತೆ. ಆಮೇಲೆ ಸಾಲು ಟ್ಯೂಬ್‌ಲೈಟುಗಳ ಕೆಳಗೆ ಬರೀ ಮೈಯಲ್ಲಿ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಮೂರು ನಾಲ್ಕು ದಿನ ಇಟ್ಟರಂತೆ. "ನಾವು ಬೆಳಕು ತಾಗಬಾರದು ಅಂತ ಕಂಬಳಿ ಕಟ್ಟಿದ್ವಿ," ಎಂದು ಅವ್ವ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದಳು. "ಅವರು ಬೆಳಕನ್ನೇ ಔಷಧಿ ಅಂದ್ರು!"

ಎರಡು ವಾರದ ಮೇಲೆ ಕೂಸು ಮನೆಗೆ ಬಂತು. ಬಂಗಾರ ಎಲ್ಲ ಇಳಿದು ಸಾದಾ ಎಣ್ಣೆಗೆಂಪು ಬಣ್ಣ. ಹಸಿವಾದರೆ ಕಿರುಚುತ್ತಿತ್ತು. ತಂಗಿ ಅದನ್ನು ನನ್ನ ಕೈಗೆ ಕೊಟ್ಟು, "ನೀನಿರದಿದ್ರೆ ಇದು ಇರ್ತಿರ್ಲಿಲ್ಲಕ್ಕ," ಎಂದಳು. ಊರಿಗೆಲ್ಲ ಅದನ್ನೇ ಹೇಳಿದಳು. ಓದಿದ ಅಕ್ಕ ಕಂಡುಹಿಡಿದಳು ಎಂದು ಚನ್ನಗಿರಿಯಲ್ಲಿ ನನ್ನ ಹೆಸರಾಯಿತು. ಆ ಹೊಗಳಿಕೆಯನ್ನು ನಾನು ಬೇಡ ಎನ್ನಲಿಲ್ಲ.

ಏಳು ವರ್ಷ ಹಾಗೇ ಇಟ್ಟುಕೊಂಡೆ. ಹುಡುಗಿ ನಡೆದಳು, ಓಡಿದಳು, ನಕ್ಕಳು. ಮಾತು ಮಾತ್ರ ತಡವಾಯಿತು. ಬಂದ ಮಾತೂ ಅಂಚು ಸವೆದಂತೆ. ಕರೆದರೆ ಒಮ್ಮೆ ತಿರುಗುತ್ತಿದ್ದಳು, ಒಮ್ಮೆ ಇಲ್ಲ. ಹಟಮಾರಿ ಎಂದರು. ಸ್ಕೂಲಿಗೆ ಸೇರಿಸಿದ ಮೇಲೆ ಟೀಚರು, ಈ ಮಗು ನನ್ನ ಬಾಯಿ ನೋಡಿ ಮಾತು ತಿಳಿಯುತ್ತಿದೆ, ಕೇಳಿ ಅಲ್ಲ ಎಂದು ಹೇಳಿಕಳಿಸಿದರು. ತಂಗಿ ನನಗೆ ಜಗಳೂರಿಗೆ ಕಾಗದ ಬರೆದಳು: "ದಾವಣಗೆರೆಗೆ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಹುಟ್ಟಿದಾಗಿನದ್ದೆಲ್ಲ ಕೇಳುತ್ತಾರಂತೆ. ನನಗೆ ಒಂದೂ ಸರಿಯಾಗಿ ನೆನಪಿಲ್ಲ. ನಿನ್ನ ಡೈರಿ ತೆಗೆದುಕೊಂಡು ನೀನೂ ಬಾ."

ಚನ್ನಗಿರಿಗೂ ಜಗಳೂರಿಗೂ ದಾವಣಗೆರೆ ನಡುವಿನ ಊರು. ಬೆಳಗಿನ ಬಸ್ಸಿಗೆ ಹೋದೆ. ಡೈರಿ ಚೀಲದಲ್ಲಿತ್ತು. ದಾರಿಯಲ್ಲಿ ಒಮ್ಮೆ ಅದನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಡೋಣ ಅನ್ನಿಸಿತು.

ಡಾಕ್ಟರು ಹುಡುಗಿಯ ಕಿವಿಗೆ ಏನೇನೋ ಹಚ್ಚಿ, ಸದ್ದು ಕೇಳಿಸಿದಾಗ ಕೈ ಎತ್ತಿಸಿ, ಗೆರೆ ಎಳೆದುಕೊಂಡರು. ಆಮೇಲೆ ಪೆನ್ನು ಹಿಡಿದು ಕೇಳಿದರು, "ಹುಟ್ಟಿದಾಗ ಕಾಮಾಲೆ ಆಗಿತ್ತು ಅಂದ್ರಿ. ಎಷ್ಟನೇ ದಿನ ಕಾಣಿಸಿಕೊಂಡಿತು? ಎಷ್ಟನೇ ದಿನ ಆಸ್ಪತ್ರೆಗೆ ತಂದ್ರಿ?"

"ನಮ್ಮಕ್ಕ ಬರೆದಿಟ್ಟಿದಾಳೆ ಸಾರ್, ಎಂ.ಎ. ಓದ್ಯಾಳೆ," ಎಂದಳು ತಂಗಿ, ಹೆಮ್ಮೆಯಿಂದ.

ನಾನು ಡೈರಿ ತೆರೆದೆ. ಪುಟ ತಿರುವಿದೆ. "ಐದನೇ ದಿನ ಗೊತ್ತಾಯಿತು. ಅದೇ ದಿನ ತಂದರು," ಎಂದೆ. ಡಾಕ್ಟರು ಐದು ಎಂದು ಬರೆದುಕೊಂಡರು. ಮುಂದೆ ಯಾರಾದರೂ ಆ ಕಾಗದ ನೋಡಿದರೆ ಅವರ ಪಾಲಿಗೆ ಅದೇ ಚರಿತ್ರೆ.

ಹೊರಗಿನ ಬೆಂಚಿನಲ್ಲಿ ಕೂತೆವು. ಹುಡುಗಿ ಕಿಟಕಿಯಲ್ಲಿ ನಿಂತು ಬೀದಿಯ ಜಟಕಾ ನೋಡುತ್ತಿದ್ದಳು. ನಾವು ಅವಳ ಬೆನ್ನ ಹಿಂದೆಯೇ ಮಾತಾಡಬಹುದಿತ್ತು, ಅವಳಿಗೆ ಕೇಳಿಸುತ್ತಿರಲಿಲ್ಲ. ಅದನ್ನು ಯೋಚಿಸಿದ್ದೇ ನನಗೆ ತಡೆಯಲಾಗಲಿಲ್ಲ.

"ಮೂರನೇ ದಿನವೇ ನೋಡಿದ್ದೆ," ಎಂದೆ. "ಮಧ್ಯಾಹ್ನ ನಿನ್ನ ಕೋಣೆಗೆ ಬಂದು ಕಣ್ಣು ಬಿಡಿಸಿ ನೋಡಿದೆ. ಹಳದಿ ಇತ್ತು. ಏನು ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ."

ತಂಗಿ ಕೈಯಲ್ಲಿದ್ದ ಚೀಟಿಯನ್ನು ಸಣ್ಣಗೆ ಮಡಚಿದಳು.

"ನಾನು ಎಚ್ಚರಿದ್ದೆ ಅವತ್ತು," ಎಂದಳು.

"ಗೋಡೆ ಕಡೆ ಮಲಗಿದ್ದೆ."

"ಮಲಗಿದ್ದೆ, ನಿದ್ದೆ ಮಾಡಿರ್ಲಿಲ್ಲ. ನೀನು ಬಗ್ಗಿದ್ದು, ಸೆರಗಿಂದ ಒರೆಸಿದ್ದು ಎಲ್ಲ ಗೊತ್ತಾತು. ನಿನ್ನ ಉಸಿರು ಕೇಳ್ತಿತ್ತಕ್ಕ. ಕೂಸಿನ ಬಣ್ಣಕ್ಕೆ ಕಣ್ಣು ಹಾಕಾಕೆ ಬಂದಾಳೆ ಅನ್ಕಂಡೆ. ನೀನು ಹೋದ ಮೇಲೆ ಅವ್ವನ ಕರೆದು ಹೇಳಿದೆ, ಅಕ್ಕನ್ನ ಒಳಗೆ ಬಿಡಬ್ಯಾಡ ಅಂತ. ಮಾರನೇ ದಿನ ಬೆಳಿಗ್ಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ಸಿದೆ. ಬಾಗ್ಲಿಗೆ ಒಳಗಿಂದ ಅಗುಳಿ ಹಾಕ್ಕಂಡೆ. ನೀನು ಹೇಳಾಕೆ ಬಂದಿದ್ರೂ ಬರಾಕೆ ಆಗ್ತಿರ್ಲಿಲ್ಲ."

ನಾನು ಡೈರಿಯ ನಾಲ್ಕನೇ ದಿನದ ಪುಟ ತೆರೆದು ಅವಳಿಗೆ ತೋರಿಸಿದೆ. "ಬೆಳಿಗ್ಗೆಯಿಂದ ಕೆಮ್ಮು" ಎಂಬುದನ್ನು ಅವಳು ಬೆರಳಿಟ್ಟು ಓದಿದಳು. ಆಮೇಲೆ ಅಲ್ಲೇ, ಆಸ್ಪತ್ರೆಯ ಬೆಂಚಿನ ಮೇಲೆ, ನಕ್ಕಳು.

"ಘಾಟು ಬಂದೈತೆ ನೋಡು! ದೃಷ್ಟಿ ಆಗಿದ್ರೆ ಮೆಣಸಿನಕಾಯಿ ಸುಟ್ರೂ ಘಾಟು ಬರಂಗಿಲ್ಲ ಅಂತಾರೆ. ನೀನು 'ಕೆಮ್ಮು' ಅಂತ ಬರೆದೀಯ. ನಿನ್ನ ಕಣ್ಣು ಬಿದ್ದೇ ಇರ್ಲಿಲ್ಲ ಬಿಡು."

"ಕಣ್ಣಿನ ಮಾತಲ್ಲ ಕಣೇ. ಬಾಯಿ ಮುಚ್ಚಿಕೊಂಡಿದ್ದೆ, ಅದು."

"ನಾನು ಬಾಗ್ಲು ಮುಚ್ಚಿದ್ದೆ," ಎಂದಳು ಅವಳು.

ಆ ಬಾಗಿಲು ನಿಜವಾಗಿ ಮುಚ್ಚಿತ್ತೇ? ನಾಲ್ಕನೇ ದಿನ ನಾನು ಆ ಕಡೆ ಹೋಗಲೇ ಇಲ್ಲ, ಹೋಗಿ ತಳ್ಳಿ ನೋಡಲಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ. ಕೆಮ್ಮು ನಿಜ. ಮೆಣಸಿನಕಾಯಿಯೇ ಕಾರಣವೋ ಸಾಂಬ್ರಾಣಿಯೋ ಡೈರಿ ಹೇಳುವುದಿಲ್ಲ. ಅವ್ವನನ್ನು ಕೇಳೋಣವೆಂದರೆ ಹಿಂದಿನ ವರ್ಷವೇ ತೀರಿಹೋಗಿದ್ದಳು. ತಂಗಿ ನಿಜ ಹೇಳಿದಳೋ, ನನ್ನ ಮುಖ ನೋಡಿ ಅಲ್ಲೇ ಕೂತು ಕಟ್ಟಿದಳೋ, ಇವತ್ತಿಗೂ ತೀರ್ಮಾನ ಮಾಡಲಾರೆ.

"ಡಾಕ್ಟರಿಗೆ ತಪ್ಪು ಹೇಳಿದೀನಿ. ಸರಿ ಮಾಡಬೇಕು," ಎಂದು ಎದ್ದೆ. ಅವಳೂ ಎದ್ದಳು.

ಒಳಗೆ ಇನ್ನೊಬ್ಬರು ಕೂತಿದ್ದರು. ಕಾದೆವು. ನಮ್ಮ ಸರದಿ ಬಂದಾಗ ನಾನು ಹೇಳಿದೆ, "ಸಾರ್, ಐದನೇ ದಿನ ಅಲ್ಲ. ಮೂರನೇ ದಿನವೇ ಕಣ್ಣಲ್ಲಿ ಹಳದಿ ಕಂಡಿತ್ತು. ನೋಡಿದವಳು ನಾನು. ಮೊದಲೇ ಇತ್ತೇನೋ ಗೊತ್ತಿಲ್ಲ, ಅರಿಶಿನ ಹಚ್ಚಿದ್ದರು."

ಡಾಕ್ಟರು ಐದನ್ನು ಹೊಡೆದುಹಾಕಿ ಮೂರು ಎಂದು ಬರೆದರು. ಈಗಿನ ಚಿಕಿತ್ಸೆಗೆ ಅದರಿಂದ ಏನೂ ಬದಲಾಗುವುದಿಲ್ಲ, ಕಿವಿಗೆ ಮಿಷನ್ ಹಾಕಿಸಬೇಕು, ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ಎದುರು ನಿಂತು ಮಾತಾಡಬೇಕು ಎಂದರು. ಕಾಮಾಲೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಇರಬಹುದು, ಎಂದರು. ಎರಡು ದಿನ ಮೊದಲು ತಂದಿದ್ದರೆ? ಅವರು, "ಬೇಗ ತಂದಷ್ಟೂ ಒಳ್ಳೆಯದಿತ್ತು," ಎಂದಷ್ಟೇ ಹೇಳಿದರು. ಆಮೇಲೆ ನನ್ನನ್ನು ನೋಡಿ, "ನೀವು ಓದಿದವರು. ನೋಡಿದ ಮೇಲೂ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಏಳು ವರ್ಷ ಕಾದ ಪ್ರಶ್ನೆ. ಉತ್ತರ ನನ್ನ ಬಾಯಲ್ಲಿತ್ತು. ಹೊಟ್ಟೆಕಿಚ್ಚಿಗೆ ಎಂದು ಹೇಳುವವಳಿದ್ದೆ, ಆ ಒಂದೇ ಶಬ್ದ.

"ಅವಳ್ದೇನೂ ತಪ್ಪಿಲ್ಲ ಸಾರ್," ಎಂದಳು ತಂಗಿ, ನನಗಿಂತ ಮೊದಲು. "ನಾನೇ ಅವಳ್ನ ಒಳಗೆ ಬಿಡ್ಲಿಲ್ಲ."

ಡಾಕ್ಟರು ತಲೆಯಾಡಿಸಿ ಅವಳ ಕಡೆ ತಿರುಗಿದರು. ಅವಳ ಮುಖ ಬಿಳುಪಾಗಿ, ನೇರವಾಗಿ, ಆ ಮಾತನ್ನು ಹೊತ್ತು ನಿಂತಿತ್ತು. ಹುಡುಗಿ ಬಂದು ಅವಳ ಸೆರಗು ಹಿಡಿದು, ಎಲ್ಲರ ಬಾಯಿ ನೋಡುತ್ತ, ಯಾರು ಏನು ಹೇಳಿದರೆಂದು ತಿಳಿಯಲು ನೋಡುತ್ತಿದ್ದಳು. ನಾನು ಪಕ್ಕಕ್ಕೆ ಸರಿದು ನಿಂತೆ. ನಾನು ಇಷ್ಟು ವರ್ಷ ಒಳಗೆ ಸಾಕಿಕೊಂಡಿದ್ದ ತಪ್ಪನ್ನು ಅವಳು ಒಂದು ಮಾತಿನಲ್ಲಿ ತನ್ನದು ಮಾಡಿಕೊಂಡಿದ್ದಳು, ಅದೂ ಅವಳಿಗೆ ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ಅದನ್ನು ಕಂಡು ನನಗೆ ಬಂದದ್ದು ಕೃತಜ್ಞತೆಯಲ್ಲ. ಏನು ಬಂತು ಎಂದು, ಡಾಕ್ಟರ ಮುಂದೆ ಬಾಯಲ್ಲೇ ಉಳಿದ ಆ ಒಂದೇ ಶಬ್ದದಲ್ಲಿ, ಜಗಳೂರಿಗೆ ಹೋಗುವ ಬಸ್ಸಿನಲ್ಲಿ, ಅಕ್ಷರ ಕುಣಿಯುತ್ತಿದ್ದರೂ, ಆವತ್ತಿನ ಡೈರಿಯಲ್ಲಿ ಬರೆದಿದ್ದೇನೆ.